ಎರಡು ಮನೆ ಕೊಳಲು

ಐರ್ಲೆಂಡಿಗೆ ಹೋಗಿ ಏನು ನೋಡಿಕೊಂಡು ಬಂದೆ ಎಂದು ಕೇಳಿದವರಿಗೆಲ್ಲ ಮಳೆ ಎಂದು ಹೇಳಿ ಮುಗಿಸಿದ್ದೇನೆ. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ನಾನು ಹೋದದ್ದು ಒಂದು ಕೊಳಲು ತರುವುದಕ್ಕೆ. ಒಂದು ತರಲು ಹೋದವನ ಮುಂದೆ ಅವರು ಎರಡು ಕೊಳಲು ಇಟ್ಟರು, ಜೊತೆಗೆ ನನ್ನ ಸಂಸಾರದ ಬಗ್ಗೆ ಒಂದು ಅನುಮಾನವನ್ನೂ ಇಟ್ಟುಕೊಂಡರು. ಎರಡಕ್ಕೂ ಕಾರಣ ನನ್ನ ಇಂಗ್ಲಿಷು.

ಹಾಸನ

ನಾನು ಹನಿ ನೀರಾವರಿ ಪೈಪಿನ ಕಂಪನಿಯೊಂದರ ಪ್ರತಿನಿಧಿ. ಹಾಸನದಲ್ಲಿ ಬಾಡಿಗೆ ಮನೆ. ವಾರವೆಲ್ಲ ಬೈಕಿನಲ್ಲಿ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ತಿರುಗಾಟ. ಪುಟ್ಟಸ್ವಾಮಿ ಎಂಬ ನನ್ನ ಹೆಸರು ಆ ಕಡೆಯ ರೈತರ ಬಾಯಲ್ಲಿ ಪೈಪ್‌ಸಾಮಿ ಆಗಿ ಬಹಳ ಕಾಲವಾಯಿತು. ಹುಡುಗನಾಗಿದ್ದಾಗ ಹೊಳೆನರಸೀಪುರದ ಒಬ್ಬ ಮೇಷ್ಟರ ಹತ್ತಿರ ಬಿದಿರಿನ ಕೊಳಲು ಕಲಿತಿದ್ದೆ. ಕೆಲಸಕ್ಕೆ ಸೇರಿದ ಮೇಲೂ ಬಿಡಲಿಲ್ಲ. ರೈತ ಬರುವುದು ತಡವಾದರೆ ಪಂಪ್‌ಹೌಸಿನ ನೆರಳಲ್ಲಿ ಕೂತು ಊದುತ್ತೇನೆ.

ಒಮ್ಮೆ ಅರಕಲಗೂಡಿನ ಹತ್ತಿರ ಆಲೂಗಡ್ಡೆ ಹೊಲದವನೊಬ್ಬ ಬದುವಿನ ಮೇಲೆ ನಿಂತು ಪೂರಾ ಕೇಳಿದ. ಮೆಚ್ಚಿದನೇನೋ ಎಂದುಕೊಂಡೆ.

"ಅಲ್ಲ ಸಾ, ನಮ್ಗೆ ಮಾರೋ ಪೈಪ್ನಲ್ಲೂ ತೂತು, ನೀವು ಊದೋ ಪೈಪ್ನಲ್ಲೂ ತೂತು. ನಮ್ದ್ರಲ್ಲಿ ನೀರಾದ್ರೂ ಬತ್ತದೆ ಕಣ ಬುಡಿ," ಎಂದ.

ಬಿದಿರಿನ ಕೊಳಲಿನ ಕಷ್ಟವೆಂದರೆ ಅದು ಒಂದೇ ತುಂಡು. ಬೈಕಿನ ಡಬ್ಬಿಯಲ್ಲಿ ಹಿಡಿಯುವುದಿಲ್ಲ. ಬೆನ್ನಿಗೆ ಕಟ್ಟಿಕೊಂಡರೆ ಅಂಗಡಿಯ ಬಾಗಿಲಿಗೆ ತಾಕುತ್ತದೆ. ಒಂದು ಪೈಪಿನ ಸುರುಳಿಯ ಕೆಳಗೆ ಸಿಕ್ಕಿ ಸೀಳಿತು. ಇನ್ನೊಂದರ ಮೇಲೆ ಬಸ್ಸಿನಲ್ಲಿ ಒಬ್ಬರು ನೆಮ್ಮದಿಯಾಗಿ ಕೂತರು. ಹೀಗಿರುವಾಗ ಹಳೇಬೀಡಿನಿಂದ ಹಾಸನಕ್ಕೆ ಬರುವ ಬಸ್ಸಿನಲ್ಲಿ ಐರ್ಲೆಂಡಿನ ಹುಡುಗಿಯೊಬ್ಬಳು ಪಕ್ಕದಲ್ಲಿ ಕೂತಳು. ಟೈರು ಪಂಕ್ಚರಾಗಿ ಎಲ್ಲರೂ ಕೆಳಗಿಳಿದಾಗ ಅವಳು ಚೀಲದಿಂದ ಮೂರು ಕರಿ ತುಂಡು ತೆಗೆದು, ಒಂದಕ್ಕೊಂದು ತಿರುಗಿಸಿ ಸೇರಿಸಿ, ನಮ್ಮಂತೆಯೇ ಅಡ್ಡ ಹಿಡಿದು ಊದಿದಳು. ಮರದ ಕೊಳಲು. ಆರು ತೂತು. ದನಿಯಲ್ಲಿ ಬಿದಿರಿನ ಚುರುಕಿರಲಿಲ್ಲ. ನೆಲಮಾಳಿಗೆಯಿಂದ ಯಾರೋ ಸಮಾಧಾನವಾಗಿ ಮಾತಾಡಿದ ಹಾಗಿತ್ತು. ಕೇಳಿ ಇಸಿದುಕೊಂಡು ಊದಿದೆ. ಬರೀ ಗಾಳಿ ಬಂತು. ಹಾಸನ ಬರುವ ಹೊತ್ತಿಗೆ ಒಂದು ಸ್ವರ ಬಂತು, ಅಷ್ಟಕ್ಕೇ ನಾನು ಕೆಟ್ಟೆ.

ಮಾಡುವವನ ವಿಳಾಸ ಅವಳೇ ಕೊಟ್ಟಳು. ಹೆಸರು ಡೊನಾಲ್, ಪಶ್ಚಿಮ ಕರಾವಳಿಯ ಹಳ್ಳಿಯವನು. ನಾನು ಇಮೇಲ್ ಬರೆದೆ. ಇಲ್ಲೇ ಎಡವಟ್ಟಾದದ್ದು. ನಮ್ಮಲ್ಲಿ ಶ್ರುತಿಯನ್ನು ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಹೇಳುತ್ತೇವೆ. ಮೊದಲ ಬಿಳಿ ಮನೆ ಒಂದು, ಅದರ ಪಕ್ಕದ ಬಿಳಿಯದು ಎರಡು, ನಡುವಿನ ಕರಿಯದು ಒಂದೂವರೆ. ನನ್ನದು ಎರಡು ಮನೆ ಶ್ರುತಿ. ಅದನ್ನು ಇಂಗ್ಲಿಷಿಗೆ ತಿರುಗಿಸಿ, ದಯವಿಟ್ಟು ಟೂ ಹೌಸ್ ಫ್ಲೂಟ್ ಬೇಕು, ಮರದ್ದು ಎಂದು ಬರೆದೆ. ಐರಿಷ್ ಕೊಳಲುಗಳು ಸಾಮಾನ್ಯವಾಗಿ ಅದೇ ಶ್ರುತಿಯಲ್ಲಿ ಇರುತ್ತವೆ, ಹೇಳುವ ಅಗತ್ಯವೇ ಇರಲಿಲ್ಲ ಎಂದು ಆಮೇಲೆ ತಿಳಿಯಿತು. ಮುದ್ದೆ ಉಂಡೆಯಾಗಿರಲಿ ಎಂದು ಯಾರಾದರೂ ಹೇಳುತ್ತಾರೆಯೇ? ಅವನು ಮಾತ್ರ ಯಾವ ಪ್ರಶ್ನೆಯನ್ನೂ ಕೇಳದೆ, ಎರಡು ಮನೆ, ಆಗಲಿ, ಆದರೆ ಕಾಯಬೇಕು ಎಂದು ಉತ್ತರ ಬರೆದ.

ಕಾದೆ. ವರ್ಷಕ್ಕೊಮ್ಮೆ ಅವನಿಂದ ಎರಡು ಸಾಲು ಬರುತ್ತಿತ್ತು. ಒಂದು ವರ್ಷ ಮರ ಒಣಗುತ್ತಿದೆ ಎಂದ. ಮರುವರ್ಷ ಇನ್ನೂ ಒಣಗುತ್ತಿದೆ ಎಂದ. ಕಟ್ಟಾಯದ ಅಂಗನವಾಡಿಯಲ್ಲಿ ಕೆಲಸ ಮಾಡುವ ನನ್ನ ಹೆಂಡತಿ ಜಯಮ್ಮ, "ಅದು ಕೊಳ್ಲಾ ಇಲ್ಲಾ ಸೈಟಾ? ಅರ್ಜಿ ಆಕಿ ಇಷ್ಟ್ ವರ್ಸಕ್ಕೆ ಸೈಟೇ ಮಂಜೂರಾಗೋದು," ಎನ್ನುತ್ತಿದ್ದಳು. ನಡುವೆ ಗೆಳೆಯರು ಪ್ಲಾಸ್ಟಿಕ್ಕಿನ ಐರಿಷ್ ಕೊಳಲು ತಕ್ಷಣ ಸಿಗುತ್ತದೆ, ತಿರುಗಾಟಕ್ಕೆ ಅದೇ ಸರಿ ಎಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಗಲೆಲ್ಲ ಪ್ಲಾಸ್ಟಿಕ್ ಪೈಪು ಮಾರುವವನು ಬಿಡುವಾದಾಗಲೂ ಪ್ಲಾಸ್ಟಿಕ್ ಪೈಪೇ ಊದಬೇಕೆ? ನನಗೆ ಮರದ್ದೇ ಬೇಕಿತ್ತು. ಅದೊಂದು ಸಿಕ್ಕಿದರೆ ನಾನು ಬರೀ ಪೈಪ್‌ಸಾಮಿ ಆಗಿ ಉಳಿಯುವುದಿಲ್ಲ ಎಂದು ಒಳಗೊಳಗೇ ನಂಬಿದ್ದೆ.

ಐದಾರು ವರ್ಷದ ಮೇಲೆ ಉತ್ತರ ಬಂತು. ಸಿದ್ಧವಾಗಿದೆ, ಅಂಚೆಯಲ್ಲಿ ಕಳಿಸುವುದಿಲ್ಲ, ಊದುವವನ ಬಾಯಿ ನೋಡದೆ ಕೊಡುವ ಪದ್ಧತಿ ನನಗಿಲ್ಲ, ಬನ್ನಿ ಎಂದಿದ್ದ.

"ಓಗ್ ಬನ್ನಿ ಅತ್ಲಾಗೆ," ಎಂದಳು ಜಯಮ್ಮ. "ಇಲ್ದಿದ್ರೆ ಸಾಯೋಗಂಟ ಅದ್ನೇ ಏಳ್ತಿರ್ತೀರ."

ಖರ್ಚಿನ ವಿಚಾರ ಇಲ್ಲಿ ಬರೆಯುವುದಿಲ್ಲ. ಬರೆದರೆ ಅವಳು ಓದುತ್ತಾಳೆ.

ಡಬ್ಲಿನ್ನಿಂದ ಪಶ್ಚಿಮಕ್ಕೆ

ವಿಮಾನ ನಿಲ್ದಾಣದ ಅಧಿಕಾರಿ ಬಂದ ಉದ್ದೇಶ ಕೇಳಿದ. ಕೊಳಲು ತೆಗೆದುಕೊಂಡು ಹೋಗಲು ಎಂದೆ. ನನ್ನನ್ನು ಪಕ್ಕಕ್ಕೆ ನಿಲ್ಲಿಸುತ್ತಾನೆ ಎಂದುಕೊಂಡಿದ್ದೆ. ಅವನು ಮಾಡುವವನ ಹೆಸರು ಕೇಳಿ, ನಮ್ಮ ಮಾವನೂ ಒಂದಕ್ಕೆ ಕಾಯುತ್ತಿದ್ದಾನೆ ಎಂದು ಮುದ್ರೆ ಒತ್ತಿದ.

ಪಶ್ಚಿಮಕ್ಕೆ ಹೋಗುವ ಬಸ್ಸಿನಲ್ಲಿ ಇಳಿಯುವವರೆಲ್ಲ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ಮುದುಕರು, ಶಾಲೆಯ ಮಕ್ಕಳು, ಕಿವಿಗೆ ತಂತಿ ಸಿಕ್ಕಿಸಿಕೊಂಡ ಹುಡುಗರು, ಯಾರೂ ತಪ್ಪಿಸುವುದಿಲ್ಲ. ಅರಕಲಗೂಡಿನಲ್ಲಿ ಹೀಗೆ ಹೇಳಿ ಇಳಿದರೆ ಕಂಡಕ್ಟರ್ ಹಿಂದೆಯೇ ಇಳಿದು ಬಂದು ಟಿಕೆಟ್ ತೋರಿಸಿ ಎನ್ನುತ್ತಾನೆ. ಇನ್ನೊಂದು ಮಾತು ಅವರಿಗೆ ಬಹಳ ಪ್ರಿಯ: ಗ್ರ್ಯಾಂಡ್. ಮಳೆ ಬಂದರೂ ಗ್ರ್ಯಾಂಡ್, ಬಸ್ ತಪ್ಪಿದರೂ ಗ್ರ್ಯಾಂಡ್, ಮೊಣಕಾಲು ನೋವು ಹೇಗಿದೆ ಎಂದರೂ ಗ್ರ್ಯಾಂಡ್. ಮೊದಲ ದಿನ ಇವರಿಗೆ ಎಲ್ಲವೂ ಭವ್ಯವಾಗಿ ಕಾಣುತ್ತದೆಯಲ್ಲ ಎಂದು ಬೆರಗಾದೆ. ಆಮೇಲೆ ಅರ್ಥವಾಯಿತು, ಅದು ನಮ್ಮ 'ಆಯ್ತು ಬುಡಿ'.

ಕಿಟಕಿಯಿಂದ ಕಂಡದ್ದು ಹಸಿರು ಬಯಲು, ಕಲ್ಲಿನ ಮೋಟು ಗೋಡೆ, ದನ. ಒಂದು ಹೊಲಕ್ಕೂ ಹನಿ ಪೈಪಿಲ್ಲ. ಇಂಥ ಊರಿಗೆ ನಮ್ಮ ಕಂಪನಿ ನನ್ನನ್ನು ಹಾಕಿದರೆ ಏನು ಗತಿ ಎಂದು ಒಂದು ಗಳಿಗೆ ಎದೆ ಧಸಕ್ಕೆಂದಿತು.

ನೋರಾಳ ಊಟದ ಮೇಜು

ಡೊನಾಲ್ ಬಸ್ ನಿಲ್ಲುವ ಕಡೆಗೇ ಬಂದಿದ್ದ. ಉದ್ದನೆಯ ಆಳು, ಹುಬ್ಬಿನ ಮೇಲೂ ಮರದ ಹುಡಿ. ಅವನ ಹೆಂಡತಿ ನೋರಾ ಮನೆಯ ಒಂದು ಕೋಣೆಯನ್ನು ಬಂದವರಿಗೆ ಬಾಡಿಗೆಗೆ ಕೊಡುತ್ತಾಳೆ. ನನಗೂ ಅದೇ ಕೋಣೆ. ಡೊನಾಲ್ ಕೈ ಕುಲುಕಿದಷ್ಟು ಹೊತ್ತು ಅವಳು ಕುಲುಕಲಿಲ್ಲ. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಮೀನು ತಿನ್ನುತ್ತೀರಾ ಎಂದಷ್ಟೇ ಕೇಳಿದಳು.

ಊಟಕ್ಕೆ ಕೂತಾಗ ಡೊನಾಲ್ ಕಮ್ಮಟದಲ್ಲಿ ಏನೋ ಮುಗಿಸುತ್ತಿದ್ದ. ನೋರಾ ಆಲೂಗಡ್ಡೆ ಬಡಿಸುತ್ತ, "ನಿಮ್ಮ ಹೆಂಡತಿ ಇದನ್ನು ಒಪ್ಪಿಕೊಂಡಿದ್ದಾರಾ, ಈ ಎರಡು ಮನೆಯ ವಿಷಯ?" ಎಂದಳು.

ಸಂಗೀತ ಬಲ್ಲ ಮನೆ, ಶ್ರುತಿಯ ವಿಚಾರ ಎತ್ತಿದ್ದಾಳೆ ಎಂದು ಖುಷಿಯಾಯಿತು. "ಅವಳಿಗೆ ಅಭ್ಯಾಸವಾಗಿದೆ," ಎಂದೆ. "ಮದುವೆಗೆ ಮೊದಲಿಂದಲೂ ನನ್ನದು ಎರಡೇ."

"ಮೊದಲಿಂದಲೂ?"

"ಹೌದು. ಒಂದರಲ್ಲಿ ಪ್ರಯತ್ನ ಮಾಡಿದೆ. ಉಸಿರು ಕಟ್ಟಿದ ಹಾಗಾಗುತ್ತದೆ."

ಅವಳು ಚಮಚ ಕೆಳಗಿಟ್ಟಳು. "ನಿಮ್ಮ ಕಡೆ ಎಲ್ಲರೂ ಹೀಗೆಯೇ?"

"ಇಲ್ಲ ಇಲ್ಲ, ಒಬ್ಬೊಬ್ಬರಿಗೆ ಒಂದೊಂದು. ನನ್ನ ಮೇಷ್ಟರು ನಾಲ್ಕು ಇಟ್ಟುಕೊಂಡಿದ್ದರು. ಹೆಂಗಸರಾದರೆ ಸಾಮಾನ್ಯವಾಗಿ ಐದೂವರೆ."

ನೋರಾ ನನ್ನನ್ನೇ ಸ್ವಲ್ಪ ಹೊತ್ತು ನೋಡಿದಳು. ಆ 'ಅರ್ಧ' ಯಾರು ಎಂದು ಯೋಚಿಸುತ್ತಿದ್ದಳೆಂದು ಈಗ ಹೊಳೆಯುತ್ತದೆ. ಆಮೇಲೆ ಎದ್ದು ಒಳಗೆ ಹೋದಳು. ನನಗೆ ಬೆಣ್ಣೆ ಬರಲಿಲ್ಲ.

ಕಮ್ಮಟ

ಬೆಳಗ್ಗೆ ಡೊನಾಲ್ ಹಿತ್ತಿಲ ಕಮ್ಮಟಕ್ಕೆ ಕರೆದುಕೊಂಡು ಹೋದ. ಒಂದು ಕಡೆ ತಿರುಗಣೆ ಯಂತ್ರ. ಗೋಡೆಯುದ್ದಕ್ಕೂ ಕರಿ ಮರದ ತುಂಡುಗಳು ಸುಮ್ಮನೆ ಮಲಗಿದ್ದವು. ಆಫ್ರಿಕಾದ ಮರ, ನಮ್ಮ ಬೀಟೆಯ ದಾಯಾದಿ. ಕಡಿದ ಮರವನ್ನು ವರ್ಷಗಟ್ಟಲೆ ಇಟ್ಟು, ಸ್ವಲ್ಪ ಕೊರೆದು ಮತ್ತೆ ಇಟ್ಟು, ಇನ್ನಷ್ಟು ಕೊರೆದು ಮತ್ತೆ ಇಡುತ್ತಾನಂತೆ. ಅವಸರ ಮಾಡಿದರೆ ಮರ ಆಮೇಲೆ ಸೀಳಿ ಸೇಡು ತೀರಿಸಿಕೊಳ್ಳುತ್ತದೆ ಎಂದ.

ಮೇಜಿನ ಮೇಲೆ ಎರಡು ಪೆಟ್ಟಿಗೆ ಇಟ್ಟು ಎರಡನ್ನೂ ತೆರೆದ. ಒಂದರಲ್ಲಿ ಮರದ ಕೊಳಲು, ಬೆಳ್ಳಿಯ ಉಂಗುರ ತೊಡಿಸಿದ್ದು. ಇನ್ನೊಂದರಲ್ಲಿ ಅದೇ ಬಣ್ಣದ, ಸ್ವಲ್ಪ ಗಿಡ್ಡ ತುಂಡುಗಳ ಇನ್ನೊಂದು.

"ಇದು ಮನೆಯಲ್ಲಿ ಇಡುವುದಕ್ಕೆ," ಎಂದು ಮರದ್ದನ್ನು ಮುಟ್ಟಿದ. "ಇದು ಎರಡು ಮನೆಯ ನಡುವೆ ಓಡಾಡುವಾಗ. ಪ್ಲಾಸ್ಟಿಕ್. ಬಿಸಿಲಿಗೂ ಮಳೆಗೂ ಜಗ್ಗುವುದಿಲ್ಲ. ಎರಡು ಮನೆ ಅಂದಿರಲ್ಲ, ಅದಕ್ಕೇ ಯೋಚಿಸಿ ಮಾಡಿದೆ."

ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ನಿನ್ನೆಯ ಊಟದ ಮಾತೆಲ್ಲ ಒಂದೊಂದಾಗಿ ನೆನಪಾಗಿ ನನ್ನ ಕಿವಿ ಬಿಸಿಯಾಯಿತು. ಅಲ್ಲೊಂದು ಹಳೆಯ ಹಾರ್ಮೋನಿಯಂ ಇತ್ತು. ಮನೆಗಳನ್ನು ಒತ್ತಿ ತೋರಿಸಿ, ಇದು ಒಂದು, ಇದು ಎರಡು ಎಂದು ವಿವರಿಸಿದೆ. ಡೊನಾಲ್ ನಕ್ಕು ನಕ್ಕು ತಿರುಗಣೆ ಹಿಡಿದು ನಿಂತ. ಓಡಿ ಹೋಗಿ ನೋರಾಳನ್ನು ಕರೆತಂದ. ಅವಳು ಎಲ್ಲ ಕೇಳಿ, ನಗದೆ, "ಹಾಗಾದರೆ ಆ ಐದೂವರೆ?" ಎಂದಳು. ಅದನ್ನೂ ಒತ್ತಿ ತೋರಿಸಿದೆ. ಅವತ್ತು ಮಧ್ಯಾಹ್ನ ನನ್ನ ತಟ್ಟೆಗೆ ಬೆಣ್ಣೆಯ ಗಡ್ಡೆಯೇ ಬಿತ್ತು.

ಆದರೆ ನಗು ಮುಗಿದ ಮೇಲೆ ಡೊನಾಲ್ ಗಂಭೀರನಾದ. ಅವನ ಪದ್ಧತಿ ಒಬ್ಬರಿಗೆ ಒಂದೇ ಕೊಳಲು. ಎರಡು ಸಂಸಾರದವನು ಪಾಪ ಎಂದು ಒಂದು ಸಲ ಮುರಿದಿದ್ದನಂತೆ. ಈಗ ಆ ಕಾರಣವಿಲ್ಲ. ನನ್ನ ನಂತರದ ಸರದಿ ಅದೇ ಊರಿನ ಅಂಚೆ ಹಂಚುವ ಹೆಂಗಸಿನದು. ನಾನು ಒಂದನ್ನು ಆರಿಸಬೇಕು, ಉಳಿದದ್ದು ಅವಳಿಗೆ.

"ಮರದ್ದು," ಎಂದೆ, ಅವನು ಮಾತು ಮುಗಿಸುವುದಕ್ಕೆ ಮೊದಲೇ.

"ಶನಿವಾರ ಹೇಳಿ," ಎಂದ. "ಅಲ್ಲಿಯತನಕ ಎರಡೂ ನಿಮ್ಮ ಹತ್ತಿರವೇ ಇರಲಿ. ಮರದ್ದನ್ನು ಮಾತ್ರ ದಿನಕ್ಕೆ ಸ್ವಲ್ಪವೇ ಊದಿ. ಹೊಸ ಮರ, ಉಸಿರಿನ ತೇವ ಅಭ್ಯಾಸವಾಗಬೇಕು."

ಬಾಡಿಗೆ ಕೋಣೆ

ಮರದ ಕೊಳಲಿಗೆ ಆಗಾಗ ಎಣ್ಣೆ ಕೊಡಬೇಕೆಂದು ಡೊನಾಲ್ ಹೇಳಿದ್ದ. ಯಾವ ಎಣ್ಣೆ ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮಲ್ಲಿ ಎಣ್ಣೆ ಎಂದ ಮೇಲೆ ಕೇಳುವುದೇನಿದೆ? ಜಯಮ್ಮ ತಲೆಗೆಂದು ಕೊಬ್ಬರಿ ಎಣ್ಣೆಯ ಸೀಸೆ ಇಟ್ಟಿದ್ದಳು. ಗಟ್ಟಿಯಾಗಿದ್ದ ಎಣ್ಣೆಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ, ಮಗುವಿಗೆ ಎಣ್ಣೆ ನೀರು ಹಾಕುವ ಶ್ರದ್ಧೆಯಿಂದ ಒಳಗೂ ಹೊರಗೂ ಸವರಿದೆ. ಸ್ವಲ್ಪ ಧಾರಾಳವಾಗಿಯೇ ಸವರಿದೆ.

ಬೆಳಗ್ಗೆ ಎದ್ದು ಊದಿದರೆ ಸದ್ದಿಲ್ಲ. ಬೆಳಕಿಗೆ ಹಿಡಿದು ನೋಡಿದೆ. ಒಳಗೆಲ್ಲ ಬೆಳ್ಳಗೆ ಹೆಪ್ಪುಗಟ್ಟಿತ್ತು. ಬೆರಳಿಡುವ ತೂತುಗಳಲ್ಲೂ ಬಿಳಿ ಬಿರಡೆ. ಆ ಚಳಿಯಲ್ಲಿ ಎಣ್ಣೆ ಗಟ್ಟಿಯಾಗಿಯೇ ಇರುತ್ತದೆ ಎಂಬುದನ್ನು ಸೀಸೆಯಲ್ಲಿ ಕಂಡಿದ್ದವನಿಗೆ ಕೊಳಲಿನಲ್ಲಿ ಹೊಳೆದಿರಲಿಲ್ಲ. ಐದಾರು ವರ್ಷ ಕಾದ ವಸ್ತುವನ್ನು ಕೈಗೆ ಬಂದ ಮರುದಿನವೇ ಮೇಣದ ಬತ್ತಿ ಮಾಡಿ ಕೂತಿದ್ದೆ.

ಗೋಡೆಯಲ್ಲಿದ್ದ ಬಿಸಿಗಾಳಿಯ ಪೆಟ್ಟಿಗೆಯ ಮೇಲೆ ಇಡೋಣ ಎಂದು ಹೋಗುವಷ್ಟರಲ್ಲಿ ನೋರಾ ಚಹಾ ತಂದಳು. ನೋಡಿದವಳೇ ತಟ್ಟೆ ಕೆಳಗಿಟ್ಟು ಕೊಳಲು ಕಿತ್ತುಕೊಂಡಳು. ಅಷ್ಟು ಬಿಸಿಗೆ ಮರ ಸೀಳಿಹೋಗುತ್ತಿತ್ತಂತೆ. ತುಂಡು ಬಿಡಿಸಿ, ತನ್ನ ಉಣ್ಣೆಯ ಅಂಗಿಯೊಳಗೆ ಕಂಕುಳಲ್ಲಿ ಅವುಚಿಕೊಂಡು ಕುರ್ಚಿಯಲ್ಲಿ ಕೂತಳು.

"ಡೊನಾಲ್‌ಗೆ ಹೇಳಬೇಡಿ," ಎಂದೆ.

"ಮೂಗಿದ್ದವನಿಗೆ ಹೇಳುವುದೇನು?" ಎಂದಳು.

ಹಾಗೇ ಕೂತು ಜಯಮ್ಮ ಏನು ಅಡುಗೆ ಮಾಡುತ್ತಾಳೆ, ಮಕ್ಕಳಿಗೆ ಏನು ಕಲಿಸುತ್ತಾಳೆ ಎಂದೆಲ್ಲ ಕೇಳಿದಳು. ಮೆಲ್ಲಗೆ ಎಣ್ಣೆ ಕರಗಿತು. ಬಟ್ಟೆ ಸುತ್ತಿದ ಕಡ್ಡಿಯಿಂದ ಒರೆಸಿಕೊಟ್ಟಳು. ಕೊಳಲಿಗೆ ಏನೂ ಆಗಿರಲಿಲ್ಲ. ನೋರಾ ಮಾತ್ರ ಅವತ್ತೆಲ್ಲ ನಮ್ಮ ಮದುವೆ ಮನೆಯ ಹೆಂಗಸರ ಹಾಗೆ ಘಮಘಮಿಸುತ್ತ ಓಡಾಡಿದಳು.

ಬಸ್ ತಂಗುದಾಣ

ಎಣ್ಣೆಯ ಪ್ರಸಂಗದ ನಂತರ ಮರದ ಕೊಳಲನ್ನು ಹೊರಗೆ ಒಯ್ಯಲು ನನಗೆ ಭಯವಾಯಿತು. ಕಡಲು ನೋಡಲು ಹೊರಟಾಗ ಪ್ಲಾಸ್ಟಿಕ್ಕಿನದನ್ನು ಜೇಬಿಗೆ ತುರುಕಿಕೊಂಡೆ. ದಾರಿಯಲ್ಲಿ ಜೋರು ಮಳೆ ಬಂದು ಬಸ್ ತಂಗುದಾಣದೊಳಗೆ ಸೇರಿದೆ. ಅಲ್ಲಿ ಟೋಪಿ ಹಾಕಿದ ಮುದುಕನೊಬ್ಬ ನಾಯಿಯ ಜೊತೆ ಕೂತಿದ್ದ. ಬಸ್ ಯಾವಾಗ ಎಂದೆ. ಬರುತ್ತದೆ, ಗ್ರ್ಯಾಂಡ್ ಎಂದ. ಹೊಳೆನರಸೀಪುರದ ಬಸ್ ನಿಲ್ದಾಣದಲ್ಲಿ ಇಷ್ಟೊತ್ತಿಗೆ ಹತ್ತು ಜನ ಸೇರಿ ಡಿಪೋದವರಿಗೆ ಬಯ್ಯುತ್ತಿದ್ದರು. ಇಲ್ಲಿ ಬಯ್ಯುವ ರೂಢಿಯೇ ಇಲ್ಲ. ಹೊತ್ತು ಹೋಗದೆ ಕೊಳಲು ತೆಗೆದು ಮೋಹನ ರಾಗ ಹಿಡಿದೆ.

ಮುದುಕ ಸ್ವಲ್ಪ ಕೇಳಿ, "ಗೋಡೆ ಕಡೆ ತಿರುಗಿ ಊದು. ನಿನ್ನ ದನಿ ನಿನಗೇ ಕೇಳುತ್ತದೆ," ಎಂದ.

ತಿರುಗಿದೆ. ನಿಜಕ್ಕೂ ಚೆನ್ನಾಗಿ ಕೇಳಿತು. ತಗಡಿನ ಮೇಲೆ ಮಳೆ, ಒಳಗೆ ಕೊಳಲು. ಇದು ಯಾವ ಹಳ್ಳಿಯ ಹಾಡು ಎಂದು ಮುದುಕ ಕೇಳಿದ. ಹಾಸನದ ಕಡೆಯದು ಎಂದೆ. ಅದು ಉತ್ತರಕ್ಕೋ ದಕ್ಷಿಣಕ್ಕೋ ಎಂದ. ಬಸ್ ಬಂತು. ಅವನು ಹತ್ತಲಿಲ್ಲ, ನಾನೂ ಹತ್ತಲಿಲ್ಲ. ಕೈ ತೋರಿಸಿ ಕಳಿಸಿಬಿಟ್ಟೆವು. ಕೊಳಲು ಯಾವುದರಿಂದ ಮಾಡಿದ್ದು ಎಂಬುದು ಆ ಹೊತ್ತೆಲ್ಲ ನೆನಪಿಗೆ ಬಂದಿರಲಿಲ್ಲ. ಕೋಣೆಗೆ ಬಂದು ಒರೆಸುವಾಗ ನೆನಪಾಗಿ ಕಸಿವಿಸಿಯಾಯಿತು.

ಶಿವಾನಳ ಅಡುಗೆಮನೆ

ಅಂಚೆಯ ಹೆಂಗಸಿನ ಹೆಸರು ಶಿವಾನ್. ನಮ್ಮ ಶಿವಣ್ಣನ ತಂಗಿ ಇರಬೇಕು ಎಂದರೆ ಅಲ್ಲಿ ಯಾರಿಗೂ ನಗು ಬರಲಿಲ್ಲ. ಶುಕ್ರವಾರ ಸಂಜೆ ಅವಳೇ ಬಂದು ಮನೆಗೆ ಕರೆದಳು. ಕೊಳಲು ನೋಡಲು ಕರೆಯುತ್ತಿದ್ದಾಳೆ ಎಂದು ನನಗೆ ಗೊತ್ತು, ನನಗೆ ಗೊತ್ತೆಂದು ಅವಳಿಗೂ ಗೊತ್ತು. ಇಬ್ಬರೂ ಹವಾಮಾನದ ಬಗ್ಗೆ ಮಾತಾಡುತ್ತ ನಡೆದೆವು.

ಆ ಕಡೆ ಸಂಗೀತ ಅಡುಗೆಮನೆಯಲ್ಲಿ ನಡೆಯುತ್ತದೆ. ಒಲೆಯ ಸುತ್ತ ಕುರ್ಚಿ, ಕಿಟಕಿಯಲ್ಲಿ ಸೋಪಿನ ಬಟ್ಟಲು, ಕುದಿಯುವ ಕೆಟಲಿನ ಪಕ್ಕ ಪಿಟೀಲು. ನಮ್ಮಲ್ಲಿ ಅಡುಗೆಮನೆಗೆ ಕೊಳಲು ತಂದರೆ ಜಯಮ್ಮ ಒಲೆ ಊದಲು ಕೊಡುತ್ತಾಳೆ. ಶಿವಾನ್ ತನ್ನ ಹಳೆಯ ಕೊಳಲು ಊದಿದಳು. ಬಿರುಕು ಬಿಟ್ಟು ದಾರ ಸುತ್ತಿದ ಕೊಳಲು, ಅಜ್ಜನ ಕಾಲದ್ದು. ಕೆಳಗಿನ ಸ್ವರ ಬರುವಾಗ ಬಿರುಕಿನಿಂದ ಗಾಳಿ ಸೋರುತ್ತಿತ್ತು. ಅವಳೂ ನನ್ನಷ್ಟೇ ವರ್ಷ ಕಾದವಳು.

ನಾನು ಮರದ ಕೊಳಲನ್ನು ಅವಳ ಮುಂದೆ ಹಿಡಿದೆ.

"ಬೇಡ," ಎಂದಳು. "ನಿಮ್ಮದಾಗಬಹುದಾದದ್ದು. ರುಚಿ ನೋಡಿದರೆ ಕೊಡಲು ಕಷ್ಟ."

"ಸ್ವಲ್ಪ," ಎಂದೆ. ಯಾಕೆ ಒತ್ತಾಯ ಮಾಡಿದೆನೋ ಗೊತ್ತಿಲ್ಲ. ನನ್ನ ಕೈಯಲ್ಲಿ ಬಂದ ದನಿಗಿಂತ ಚೆನ್ನಾಗಿ ಬರಲಾರದು ಎಂಬ ಧೈರ್ಯ ಇದ್ದಿರಬೇಕು.

ಅವಳು ಕೈ ಒರೆಸಿಕೊಂಡು ತೆಗೆದುಕೊಂಡಳು. ನಿಧಾನದ ಒಂದು ಹಾಡು ಊದಿದಳು. ಕೆಳಗಿನ ಸ್ವರ ಬಂದಾಗ ಮೇಜಿನ ಮೇಲಿನ ಬಟ್ಟಲು ಸಣ್ಣಗೆ ಝುಂ ಎಂದಿತು. ಅವತ್ತು ಪಂಕ್ಚರಾದ ಬಸ್ಸಿನ ಪಕ್ಕ ನಾನು ಕೇಳಿದ್ದು ಇದೇ ದನಿ. ನನಗೆ ಹೊಟ್ಟೆ ಉರಿಯಿತು. ಬೇರೆ ಚೆಂದದ ಪದ ಹುಡುಕುವುದಿಲ್ಲ. ಹಾಡು ಮುಗಿದ ಮೇಲೂ ಅವಳು ಕೊಳಲನ್ನು ತುಟಿಯ ಹತ್ತಿರವೇ ಹಿಡಿದಿದ್ದಳು. ಆಮೇಲೆ ತಾನಾಗಿಯೇ ಬಿಡಿಸಿ, ಒರೆಸಿ, ಪೆಟ್ಟಿಗೆಯಲ್ಲಿಟ್ಟು ನನ್ನ ಕಡೆ ಸರಿಸಿದಳು.

ವಾಪಸು ಬರುವಾಗ ಪೆಟ್ಟಿಗೆ ಕಂಕುಳಲ್ಲಿತ್ತು. ಕೊಡುವುದಿಲ್ಲ, ಇದು ನನ್ನದು ಎಂದು ದಾರಿಯುದ್ದಕ್ಕೂ ಹೇಳಿಕೊಂಡೆ.

ಶನಿವಾರ

ಡೊನಾಲ್ ಕಮ್ಮಟದಲ್ಲಿ ಎರಡು ಪೆಟ್ಟಿಗೆಗಳನ್ನೂ ಮೇಜಿನ ಮೇಲಿಟ್ಟ. ಯಾವುದು ಎಂದು ಕೇಳುತ್ತಾನೆ ಎಂದು ಉತ್ತರ ಬಾಯಲ್ಲೇ ಇಟ್ಟುಕೊಂಡಿದ್ದೆ. ಅವನು, "ಊರಲ್ಲಿ ನಿಮ್ಮ ಒಂದು ದಿನ ಹೇಗಿರುತ್ತದೆ? ಎಲ್ಲೆಲ್ಲಿ ಊದುತ್ತೀರಿ, ಹೇಳಿ," ಎಂದ.

ಹೇಳಿದೆ. ಬೆಳಗ್ಗೆ ಜಯಮ್ಮ ಕಟ್ಟಾಯಕ್ಕೆ, ನಾನು ಬೈಕಿನಲ್ಲಿ ಹೊಳೆನರಸೀಪುರಕ್ಕೆ. ಅಲ್ಲಿ ಅಂಗಡಿ ಬಾಗಿಲು ತೆಗೆಯುವತನಕ ಹೇಮಾವತಿಯ ಸೇತುವೆ ಹತ್ತಿರ ಸ್ವಲ್ಪ ಊದುತ್ತೇನೆ. ಅಲ್ಲಿಂದ ಅರಕಲಗೂಡು. ಹೊಗೆಸೊಪ್ಪಿನ ಹರಾಜಿದ್ದರೆ ರೈತರೆಲ್ಲ ರಾಮನಾಥಪುರದಲ್ಲೇ ಸಿಗುತ್ತಾರೆ, ಅಲ್ಲಿಗೆ ಹೋಗುತ್ತೇನೆ. ಹರಾಜು ಮುಗಿಯುವವರೆಗೆ ಕಾವೇರಿಯ ಮೆಟ್ಟಿಲ ಮೇಲೆ ಕೂತು ಊದುತ್ತೇನೆ. ಇನ್ನೊಂದು ದಿನವಾದರೆ ಚನ್ನರಾಯಪಟ್ಟಣ, ಬಾಗೂರು. ಅಲ್ಲಿ ಪಂಪ್‌ಹೌಸು, ಹುಣಸೆ ಮರ. ಬೇಸಿಗೆಯಲ್ಲಿ ಬೈಕಿನ ಡಬ್ಬಿಯೊಳಗಿಟ್ಟ ಪೈಪಿನ ಸ್ಯಾಂಪಲ್ಲೇ ಬಾಗಿಹೋಗುತ್ತದೆ ಎಂದು ನಗುತ್ತ ಹೇಳಿದೆ. ಸಂಜೆ ಮನೆಗೆ.

"ಆಮೇಲೆ ಮನೆಯಲ್ಲಿ ಊದುತ್ತೀರಿ."

"ಇಲ್ಲ. ಕೆಳಗಿನ ಮನೆಯವರಿಗೆ ಆಗುವುದಿಲ್ಲ. ನಾಲ್ಕು ಸ್ವರಕ್ಕೇ ಛಾವಣಿ ಕುಟ್ಟುತ್ತಾರೆ."

ಡೊನಾಲನ ಬೆರಳು ಮನೆಯಲ್ಲಿಡುವ ಕೊಳಲಿನ ಪೆಟ್ಟಿಗೆಯ ಮೇಲಿತ್ತು. ಎರಡು ಮನೆ ಕೇಳಿದ್ದ ನನ್ನ ದಿನದಲ್ಲಿ ಊದಲು ಒಂದು ಮನೆಯೂ ಇರಲಿಲ್ಲ. ಇದನ್ನು ಅವನು ಹೇಳಲಿಲ್ಲ, ನಾನೇ ಹೇಳಿ ನಾನೇ ಕೇಳಿಸಿಕೊಂಡೆ.

ಮರದ್ದನ್ನು ಒಯ್ದರೆ ಏನಾಗುತ್ತದೆ ಎಂದು ಯೋಚಿಸಿದೆ. ಬೈಕಿನ ಡಬ್ಬಿಗೆ ಹಾಕಲಾರೆ. ಜಯಮ್ಮನ ರೇಷ್ಮೆ ಸೀರೆಗಳ ಜೊತೆ ಬೀರುವಿನಲ್ಲಿಡುತ್ತೇನೆ. ನೆಂಟರು ಬಂದಾಗ ತೆಗೆದು ತೋರಿಸುತ್ತೇನೆ, ಮುಟ್ಟಬೇಡಿ ಎನ್ನುತ್ತೇನೆ. ಆ ಬಟ್ಟಲು ಝುಂ ಎಂದ ದನಿ ನುಸಿಗುಳಿಗೆಯ ವಾಸನೆಯಲ್ಲಿ ಮಲಗಿರುತ್ತದೆ. ಇಲ್ಲಿ ಒಂದು ಅಡುಗೆಮನೆಯಲ್ಲಿ ಸೋರುವ ಕೊಳಲು ಊದುತ್ತ ಒಬ್ಬಳು ಕೂತಿರುತ್ತಾಳೆ.

"ಪ್ಲಾಸ್ಟಿಕ್ಕಿನದು ಕೊಡಿ," ಎಂದೆ. ಪೆಟ್ಟಿಗೆ ತೆಗೆದುಕೊಂಡು ಹೊರಗೆ ಹೋಗಿ ಮಳೆಯಲ್ಲಿ ಸ್ವಲ್ಪ ಹೊತ್ತು ನಿಂತೆ. ಆ ಊರಿನಲ್ಲಿ ಮುಖ ಒದ್ದೆಯಾಗಿದ್ದರೆ ಯಾರೂ ಏನೂ ಕೇಳುವುದಿಲ್ಲ.

ಸುದ್ದಿ ಕೇಳಿ ಶಿವಾನ್ ಅಂಚೆಯ ಚೀಲ ಹೊತ್ತೇ ಬಂದಳು. ಥ್ಯಾಂಕ್ಸ್ ಹೇಳುವುದಕ್ಕೇ ಹುಟ್ಟಿದ ಊರಿನ ಹೆಂಗಸಿಗೆ ಆ ಒಂದು ಮಾತು ಬಾಯಿಗೆ ಬರಲಿಲ್ಲ. ನನ್ನ ಫೋನ್ ನಂಬರು ಬರೆದುಕೊಂಡಳು, ಅಷ್ಟೇ.

ಬಾಗೂರು, ಮತ್ತೆ ಹಾಸನ

ಬಂದ ವಾರವೇ ಬಾಗೂರಿನ ಒಂದು ತೆಂಗಿನ ತೋಟಕ್ಕೆ ಹೋಗಿದ್ದೆ. ಬೈಕಿನ ಡಬ್ಬಿ ಕೆಂಡವಾಗಿತ್ತು. ಕೊಳಲು ತೆಗೆದು, ಜೋಡಿಸಿ, ಪಂಪ್‌ಹೌಸಿನ ಗೋಡೆ ಕಡೆ ತಿರುಗಿ ಊದಿದೆ. ತೋಟದ ಯಜಮಾನ ಬಂದು ಪಕ್ಕದಲ್ಲಿ ಕೂತ.

"ಫಾರಿನ್‌ದಾ ಸಾ? ಕೊಡಿ ಇಲ್ಲಿ." ತಿರುಗಿಸಿ, ಉಗುರಿನಲ್ಲಿ ತಟ್ಟಿ ನೋಡಿದ. "ಇದೇನ್ ಸಾ, ನಮ್ ಪೈಪ್ ಇದ್ದಂಗೇ ಐತೆ! ಇದ್ಕೆ ಅಲ್ಲಿಗಂಟ ಓಗಿದ್ರಾ?"

"ಊಂ," ಎಂದೆ.

"ಇನ್ನೊಂದ್ ಕಿತ ಊದಿ," ಎಂದ. ಈ ಸಲ ಮೋಟರ್ ಆಫ್ ಮಾಡಿ ಬಂದು ಕೂತ.

ಎರಡು ಮನೆಯ ಕತೆಯನ್ನು ಜಯಮ್ಮನಿಗೆ ಬಂದ ದಿನವೇ ಹೇಳಿದ್ದೆ. ಐದೂವರೆಗೆ ಬರುವಷ್ಟರಲ್ಲಿ ಅವಳು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಮರದ ಕೊಳಲು ಬಿಟ್ಟು ಬಂದದ್ದನ್ನು ಹೇಳಿದಾಗ ನಗಲಿಲ್ಲ. "ಊಟಕ್ಕೇಳಿ," ಎಂದಳು.

ಒಂದು ಭಾನುವಾರ ಸಂಜೆ ನಾನು ಕೆಳಗೆ ಬೈಕು ತೊಳೆಯುತ್ತಿದ್ದೆ. ಮನೆಯೊಳಗೆ ಫೋನು ಬಡಿದುಕೊಂಡಿತು. ಜಯಮ್ಮ ಎತ್ತಿ, ಆ ಕಡೆಯ ಇಂಗ್ಲಿಷಿನಲ್ಲಿ ನನ್ನ ಹೆಸರು ಕೇಳಿಸಿಕೊಂಡಳು. ಆಮೇಲೆ ಮಹಡಿಯ ಕಟಕಟೆಗೆ ಬಂದು ಇಡೀ ಬೀದಿಗೆ ಕೇಳುವ ಹಾಗೆ ಕೂಗಿದಳು.

"ರೀ! ಬಿರ್‌ಬಿರ್ನೆ ಬನ್ನಿ! ನಿಮ್ ಎರಡ್ನೇ ಮನೆಯಿಂದ ಫೋನು!"

ಜಗಲಿಯಲ್ಲಿ ಕ್ಷೌರ ಮಾಡಿಸಿಕೊಳ್ಳುತ್ತಿದ್ದ ಎದುರು ಮನೆಯ ಶಾಲಾ ಮೇಷ್ಟರು ಅರ್ಧ ಸೋಪಿನ ಮುಖದಲ್ಲೇ ನನ್ನ ಕಡೆ ತಿರುಗಿದರು. ನಾನು ಒದ್ದೆ ಕೈಯಲ್ಲೇ ಮೆಟ್ಟಿಲು ಹತ್ತಿ ಹೋಗಿ ಫೋನು ಕಿವಿಗಿಟ್ಟೆ. ಯಾರೂ ಮಾತಾಡಲಿಲ್ಲ. ಮೊದಲು ಮಳೆ ಕೇಳಿತು, ಆಮೇಲೆ ಕೆಟಲು. ಆಮೇಲೆ ನಾನು ಅಷ್ಟು ವರ್ಷ ಕಾದಿದ್ದ ದನಿ.